ಕೊಡಗಿನ ತೋಟದಲ್ಲಿ ಥ್ರಿಲ್ಲರ್ ದೃಶ್ಯ ತೆಗೆಯುವುದು ಹೇಗೆ?

ಕೊಡಗಿಗೆ ಥ್ರಿಲ್ಲರ್ ತೆಗೆಯಲು ಬರುವವರು ಮೊದಲು ಮಂಜಿನ ಹಿಂದೆ ಬೀಳುತ್ತಾರೆ. ಮಂಜು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದೊಂದೇ ಎದೆ ಡವಗುಟ್ಟಿಸುವುದಿಲ್ಲ. ನಾನಾದರೆ ತೋಟದ ಸಿಲ್ವರ್ ಓಕ್ ಮರಗಳ ಸಾಲಿನಿಂದ ಶುರು ಮಾಡುತ್ತೇನೆ. 85 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಹಾಕಿ ದೂರ ನಿಲ್ಲಿ. ಹಿಂದೆ ಮುಂದಿನ ಮರಗಳೆಲ್ಲ ಒತ್ತೊತ್ತಾಗಿ, ಪಾತ್ರ ಕಂಬಿಗಳ ನಡುವೆ ಸಿಕ್ಕಿಕೊಂಡಂತೆ ಕಾಣುತ್ತದೆ. ಕ್ಯಾಮೆರಾದ ಮುಂದೆಯೇ ಒಂದೆರಡು ಕಾಫಿ ಎಲೆ ಮಸುಕಾಗಿರಲಿ. ಯಾರೋ ಅವಿತು ನೋಡುತ್ತಿದ್ದಾರೆಂದು ಪ್ರೇಕ್ಷಕರೇ ಊಹಿಸುತ್ತಾರೆ. ಪಾತ್ರ ನಡೆಯುವ ದಿಕ್ಕಿಗೆ ಜಾಗ ಬಿಡದೆ ಬೆನ್ನ ಹಿಂದೆ ಬಿಡಿ. ಕಣ್ಣು ತಾನಾಗಿ ಆ ಖಾಲಿ ಕಡೆ ಹೋಗುತ್ತದೆ.

ಸಂಕೇತ ಬಳಸುವಾಗ ಊರು ಗೊತ್ತಿರಬೇಕು. ಗೋಡೆಯ ಮೇಲಿನ ಕೋವಿ ಬೇರೆ ಕಡೆ ಭಯ ಹುಟ್ಟಿಸೀತು. ಆಯುಧ ಪೂಜಿಸುವ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಕೊಡವರ ಮನೆಯಲ್ಲಿ ಅದು ಇರಬೇಕಾದದ್ದೇ. ಹಾಗಾಗಿ ಮೊದಲು ಕೋವಿಯನ್ನು ಸುಮ್ಮನೆ ಹಿನ್ನೆಲೆಯಲ್ಲಿ ತೋರಿಸಿ, ಯಾರೂ ಅದರ ಮಾತೆತ್ತುವುದು ಬೇಡ. ಮುಂದೊಂದು ದೃಶ್ಯದಲ್ಲಿ ಅದೇ ಕೋನ, ಅದೇ ಲೆನ್ಸ್, ಗೋಡೆಯಲ್ಲಿ ಬರೀ ಮೊಳೆ. ಕ್ಲೋಸಪ್ ಬೇಡವೇ ಬೇಡ. ಪಾತ್ರಕ್ಕಿಂತ ಮುಂಚೆ ಪ್ರೇಕ್ಷಕರ ಕಣ್ಣಿಗೆ ಬಿದ್ದರೆ ಆತಂಕ ದುಪ್ಪಟ್ಟಾಗುತ್ತದೆ. ಅವಸರಪಟ್ಟು ಕಟ್ ಮಾಡಬೇಡಿ. ಪಾತ್ರ ಕಾಫಿ ಕುಡಿದು ಲೋಟ ಕೆಳಗಿಡುವವರೆಗೂ ಕ್ಯಾಮೆರಾ ಅಲುಗದಿರಲಿ.