ಭಜನಿ ಮೇಳ, ಎರಡು ಮೈಕು, ಒಂದು ಲಿನಕ್ಸ್ ಲ್ಯಾಪ್‌ಟಾಪು

ಲಿನಕ್ಸ್‌ನಲ್ಲಿ ಹಾಡು ರೆಕಾರ್ಡ್ ಮಾಡುವುದು ಹೇಗೆ ಎಂದು ಹುಡುಕಿದರೆ ಮೊದಲು ಸಿಗುವುದು ಲೇಟೆನ್ಸಿಯ ಪುರಾಣ. ಮೈಕಿಗೆ ಬಿದ್ದ ದನಿ ಕಂಪ್ಯೂಟರ್ ಹೊಕ್ಕು ಹೆಡ್‌ಫೋನಿಗೆ ಬರುವಷ್ಟರಲ್ಲಿ ಆಗುವ ತಡ ಅದು. ಕರ್ನಲ್ (ಲಿನಕ್ಸ್‌ನ ತಿರುಳು) ಬದಲಿಸಿ, ಬಫರ್ (ದನಿಯನ್ನು ತುಣುಕು ತುಣುಕಾಗಿ ಕೂಡಿಟ್ಟುಕೊಳ್ಳುವ ಜಾಗ) ಇಳಿಸಿ, ಐದು ಮಿಲಿಸೆಕೆಂಡಿಗೆ ತನ್ನಿ, ಮೂರಕ್ಕೆ ತನ್ನಿ ಎಂದು ಪುಟಗಟ್ಟಲೆ ಇರುತ್ತದೆ. ಓದಿ ಗಾಬರಿಯಾಗಿ ವಿಂಡೋಸಿಗೆ ವಾಪಸಾದವರನ್ನು ನಾನು ನೋಡಿದ್ದೇನೆ. ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಕೂತು ತತ್ವಪದ, ದಾಸರ ಪದ, ಮೊಹರಂ ಬಂದರೆ ರಿವಾಯತ್ ಪದ ರೆಕಾರ್ಡ್ ಮಾಡುವ ನನಗೆ ಆ ಪುರಾಣದ ಮುಕ್ಕಾಲು ಪಾಲು ಬೇಕಾಗಲೇ ಇಲ್ಲ. ನಮ್ಮ ಕೆಲಸಕ್ಕೆ ದನಿ ನಡುವೆ ಕಡಿಯದಿದ್ದರೆ ಸಾಕು.

ಹಗಲು ನನ್ನದು ಡಿಟಿಪಿ, ಝೆರಾಕ್ಸ್ ಅಂಗಡಿ. ಅಲ್ಲಿ ಹಳತಾದ ಐ5 ಲ್ಯಾಪ್‌ಟಾಪೇ ಸಂಜೆ ಸ್ಟುಡಿಯೊ ಆಗುತ್ತದೆ. 8 ಜಿಬಿ ರ‍್ಯಾಮ್ ಇದೆ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದೇನೆ. ಅದರಲ್ಲಿ ಉಬುಂಟು ಸ್ಟುಡಿಯೊ 24.04 ಇದೆ, ಇಂಥ ಕೆಲಸಕ್ಕೆಂದೇ ಸಜ್ಜಾದ ಲಿನಕ್ಸ್ ಆವೃತ್ತಿ (ಡಿಸ್ಟ್ರೊ) ಅದು. ಸಾದಾ ಉಬುಂಟು ಇದ್ದವರು ಅದನ್ನು ಅಳಿಸಬೇಕಿಲ್ಲ. ಉಬುಂಟು ಸ್ಟುಡಿಯೊ ಇನ್‌ಸ್ಟಾಲರ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಬೇಕಾದ ಆಡಿಯೊ ಸಾಮಾನುಗಳು ಅದರ ಮೇಲೆಯೇ ಬಂದು ಕೂರುತ್ತವೆ. ನಾನು ಇದನ್ನು ಆರಿಸಿಕೊಂಡ ಕಾರಣ ಸೋಮಾರಿತನ ಅಂದುಕೊಳ್ಳಿ. ಬಳಕೆದಾರನನ್ನು ಆಡಿಯೊ ಗುಂಪಿಗೆ ಸೇರಿಸುವುದು, ಆ ಗುಂಪಿಗೆ ರಿಯಲ್‌ಟೈಮ್ ಆದ್ಯತೆ (ಬೇರೆ ಕೆಲಸಗಳಿಗಿಂತ ದನಿಯ ಕೆಲಸ ಮೊದಲು) ಕೊಡುವುದು ಇವೆಲ್ಲ ಇದರಲ್ಲಿ ಮೊದಲೇ ಆಗಿರುತ್ತವೆ. ಬೇರೆ ಡಿಸ್ಟ್ರೊದಲ್ಲಿ ಆ ಸೆಟ್ಟಿಂಗ್ ನೀವೇ ಮಾಡಿಕೊಳ್ಳಬೇಕು. ಮಾಡಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರದಿದ್ದರೆ ಅದು ಜಾರಿಗೆ ಬರುವುದಿಲ್ಲ.

ಹಳೆಯ ಟ್ಯುಟೋರಿಯಲ್ ನೋಡುವವರಿಗೆ ಒಂದು ಮಾತು. ಹತ್ತು ವರ್ಷದ ಹಿಂದಿನ ಪಾಠಗಳೆಲ್ಲ ಜ್ಯಾಕ್ ಸರ್ವರ್ (ತಂತ್ರಾಂಶಗಳ ನಡುವೆ ದನಿ ಸಾಗಿಸುವ ವ್ಯವಸ್ಥೆ) ಶುರು ಮಾಡುವುದರಿಂದ ಆರಂಭವಾಗುತ್ತವೆ. ಜ್ಯಾಕ್ ಶುರುವಾದರೆ ಬ್ರೌಸರಿನ ಸದ್ದು ಬಂದ್, ಬ್ರೌಸರ್ ಬೇಕೆಂದರೆ ಜ್ಯಾಕ್ ಬಂದ್. ಆ ಜಗಳ ಈಗ ಬಹಳ ಮಟ್ಟಿಗೆ ಮುಗಿದಿದೆ. ಫೆಡೋರಾ ಎಂಬ ಡಿಸ್ಟ್ರೊ 2021ರಲ್ಲಿ, ಉಬುಂಟು 2022ರ ಅಕ್ಟೋಬರ್ ಆವೃತ್ತಿಯಲ್ಲಿ ಪೈಪ್‌ವೈರ್ ಎಂಬ ಹೊಸ ದನಿ ವ್ಯವಸ್ಥೆಗೆ ಬಂದವು. ಜ್ಯಾಕ್‌ಗಾಗಿ ಬರೆದ ತಂತ್ರಾಂಶವೂ ಯೂಟ್ಯೂಬಿನ ಸದ್ದೂ ಎರಡೂ ಅದರೊಳಗೇ ಹರಿಯುತ್ತವೆ. ರಿಯಲ್‌ಟೈಮ್ ಕರ್ನಲ್‌ಗಾಗಿ ಪ್ಯಾಚ್ ಹಾಕಿ ಕಂಪೈಲ್ ಮಾಡುವ ಪಾಠಗಳಿಗೂ ವಯಸ್ಸಾಯಿತು. 2024ರ ನವೆಂಬರಿನಲ್ಲಿ ಬಂದ ಲಿನಕ್ಸ್ 6.12ರಿಂದ ಆ ಕೆಲಸ ಮುಖ್ಯ ಕರ್ನಲ್‌ನೊಳಗೇ ಸೇರಿಹೋಗಿದೆ.

ರೆಕಾರ್ಡ್ ಮಾಡುವ ತಂತ್ರಾಂಶ ಆರ್ಡೋರ್. ಇದನ್ನು ಶುರು ಮಾಡಿದ ಪಾಲ್ ಡೇವಿಸ್ ಅವರೇ ಜ್ಯಾಕ್ ಅನ್ನೂ ಬರೆದವರು. ಅವರ ತಾಣದಿಂದ ಸಿದ್ಧ ಪ್ಯಾಕೇಜ್ ಇಳಿಸಿಕೊಂಡರೆ ದುಡ್ಡು ಕೊಡಬೇಕು, ಡಿಸ್ಟ್ರೊದ ಭಂಡಾರದಿಂದ ಹಾಕಿಕೊಂಡರೆ ಪುಕ್ಕಟೆ. ನಾನು ಭಂಡಾರದ 8ನೇ ಆವೃತ್ತಿಯನ್ನೇ ಬಳಸುತ್ತೇನೆ. ರೀಪರ್ ಎಂಬ ಇನ್ನೊಂದು ರೆಕಾರ್ಡಿಂಗ್ ತಂತ್ರಾಂಶ ಕೂಡ ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ, ಹಗುರವಾಗಿದೆ, 60 ದಿನ ಪರೀಕ್ಷಿಸಿ ನೋಡಬಹುದು. ವಿಂಡೋಸ್‌ನಲ್ಲಿ ಅದರ ರೂಢಿ ಇದ್ದವರು ಅದನ್ನೇ ಮುಂದುವರಿಸಲಿ. ಫ್ಲ್ಯಾಟ್‌ಪ್ಯಾಕ್ ಆವೃತ್ತಿಯ ಆರ್ಡೋರ್ ಮಾತ್ರ ಬೇಡ. ಅದು ತನ್ನದೇ ಕೋಣೆಯಲ್ಲಿ ಓಡುವುದರಿಂದ ಸಿಸ್ಟಮ್‌ನಲ್ಲಿ ಹಾಕಿದ ಪ್ಲಗಿನ್‌ಗಳು (ದನಿ ತಿದ್ದಲು ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಅದಕ್ಕೆ ಕಾಣುವುದಿಲ್ಲ. "ಪ್ಲಗಿನ್ ಹಾಕೀನಿ, ಪಟ್ಟಿಯೊಳಗ ಬರವಲ್ದು" ಅಂತ ಫೋನ್ ಮಾಡುವವರಲ್ಲಿ ಬಹಳ ಮಂದಿಯ ತೊಂದರೆ ಇದೇ.

ಮೈಕು ಜೋಡಿಸುವುದು ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸಿಗೆ, ಅಂದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಗ್ಗುವಂತೆ ಬದಲಿಸುವ ಪೆಟ್ಟಿಗೆಗೆ. ಕೊಳ್ಳುವಾಗ ನೋಡಬೇಕಾದ್ದು ಒಂದೇ, ಅದು ಕ್ಲಾಸ್ ಕಂಪ್ಲಯಂಟ್ ಇರಬೇಕು, ಅಂದರೆ ಯುಎಸ್‌ಬಿ ಆಡಿಯೊದ ಸಾಮಾನ್ಯ ನಿಯಮಕ್ಕೆ ಒಗ್ಗಿರಬೇಕು. ಹಾಗಿದ್ದರೆ ಡ್ರೈವರ್ ಸಿಡಿ, ಡೌನ್‌ಲೋಡ್ ಯಾವುದೂ ಬೇಡ, ಚುಚ್ಚಿದ ಕೂಡಲೇ ಕರ್ನಲ್‌ನ ಆಲ್ಸಾ ಎಂಬ ದನಿ ವಿಭಾಗ ಅದನ್ನು ಗುರುತಿಸುತ್ತದೆ. ಹಬ್ ಮೂಲಕ ಬೇಡ, ಲ್ಯಾಪ್‌ಟಾಪಿನ ತೂತಿಗೇ ನೇರವಾಗಿ ಚುಚ್ಚಿ.

ಇನ್ನು ಬಫರಿನ ಮಾತು. ಆರ್ಡೋರ್ ತೆರೆದರೆ ಆಡಿಯೊ ಸೆಟಪ್ ಕಿಟಕಿ ಬರುತ್ತದೆ. ರೆಕಾರ್ಡಿಂಗ್ ಹೊತ್ತಿಗೆ ನಾನು ಅಲ್ಲಿ ಜ್ಯಾಕ್ ಆರಿಸದೆ ನೇರ ಆಲ್ಸಾ ಆರಿಸುತ್ತೇನೆ. ಆರ್ಡೋರ್ ಕೇಳಿದರೆ ಪೈಪ್‌ವೈರ್ ಇಂಟರ್‌ಫೇಸನ್ನು ಬಿಟ್ಟುಕೊಡುತ್ತದೆ, ನಡುವೆ ಇನ್ನೊಬ್ಬರಿಲ್ಲ, ವಾಟ್ಸ್ಯಾಪಿನ ಟಿಂಗ್ ಸದ್ದೂ ಇಲ್ಲ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯಬೇಕು ಎಂಬುದು) 48,000, ಬಫರ್ 1024 ಸ್ಯಾಂಪಲ್. ಅಂದರೆ ಒಂದು ಬಫರಿಗೆ ಸುಮಾರು 21 ಮಿಲಿಸೆಕೆಂಡು. ಒಳಗೆ ಬಂದು ಹೊರಗೆ ಹೋಗುವಷ್ಟರಲ್ಲಿ ಅದರ ಎರಡು ಮೂರು ಪಟ್ಟು. ಸ್ಟುಡಿಯೊದವರು ಕೇಳಿದರೆ ನಗುತ್ತಾರೆ, ಅವರು 128ಕ್ಕೆ, ಅಂದರೆ 2.7 ಮಿಲಿಸೆಕೆಂಡಿಗೆ ಇಟ್ಟುಕೊಂಡಿರುತ್ತಾರೆ.

ಅವರ ಗಾಯಕ ಹೆಡ್‌ಫೋನ್ ಹಾಕಿಕೊಂಡು ತನ್ನ ದನಿಯನ್ನು ಕಂಪ್ಯೂಟರಿನಿಂದಲೇ ಕೇಳುತ್ತ ಹಾಡುತ್ತಾನೆ, ಅದಕ್ಕೆ ಆ 128 ಬೇಕು. ನಮ್ಮ ಮೇಳದ ಹಿರಿಯರೊಬ್ಬರಿಗೆ ನಾನೂ ಹೆಡ್‌ಫೋನ್ ಕೊಟ್ಟು ನೋಡಿದೆ. "ತಾತ, ಇದನ್ನ ಕಿವಿಗೆ ಹಾಕ್ಕೊಂಡು ಹಾಡ್ರಿ" ಅಂದರೆ, "ಏ ತಮ್ಮಾ, ಕಿವಿ ಮುಚ್ಚಿದ್ರ ನನಗ ತಾಳ ಕೇಳಂಗಿಲ್ಲ, ಪೇಟಿ ಕೇಳಂಗಿಲ್ಲ. ನಿನ್ನ ಯಂತ್ರ ನೀ ನೋಡ್ಕೊ, ನಾವು ಹಾಡ್ತೀವಿ" ಅಂದರು. ಅವರು ಹೇಳಿದ್ದೇ ಸರಿ. ಎಲ್ಲರೂ ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಹಾಡುವಾಗ ಕಂಪ್ಯೂಟರಿನ ತಡ ಯಾರ ಕಿವಿಗೂ ಬೀಳುವುದೇ ಇಲ್ಲ. ಮೆಟ್ರೊನೋಮಿನ ಕ್ಲಿಕ್ಕೂ ಬಂದ್. ಪದ ಏರುತ್ತ ಹೋದಂತೆ ಲಯವೂ ಏರುತ್ತದೆ, ಅದನ್ನು ಕ್ಲಿಕ್ಕಿಗೆ ಕಟ್ಟಿದರೆ ಭಜನೆ ಸತ್ತುಹೋಗುತ್ತದೆ.

ಆಮೇಲೆ ಯಾರಾದರೂ ಕೊಳಲೋ ಹಿಮ್ಮೇಳವೋ ಸೇರಿಸಬೇಕೆಂದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತುತ್ತೇನೆ. ನುಡಿಸಿದ್ದು ಕಂಪ್ಯೂಟರಿಗೆ ಹೋಗಿ ಬರದೆ ಅಲ್ಲಿಂದಲೇ ಹೆಡ್‌ಫೋನಿಗೆ ಬರುತ್ತದೆ. ಹೊಸ ಟ್ರ್ಯಾಕು ಹಳೆಯದರ ಜೊತೆ ಸರಿಯಾಗಿ ಕೂರಬೇಕಲ್ಲ, ಅದಕ್ಕೆ ಸೆಟಪ್ ಕಿಟಕಿಯಲ್ಲಿ ಕ್ಯಾಲಿಬ್ರೇಟ್ ಎಂಬುದಿದೆ. ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿದರೆ ಆರ್ಡೋರೇ ತಡ ಅಳೆದುಕೊಂಡು, ಮುಂದೆ ರೆಕಾರ್ಡ್ ಆದದ್ದನ್ನು ಅಷ್ಟು ಹಿಂದಕ್ಕೆ ಸರಿಸಿ ಇಡುತ್ತದೆ. ಬಫರನ್ನು ನಿಜವಾಗಿ ಇಳಿಸಬೇಕಾಗುವುದು ಯಾರಾದರೂ ಹುಡುಗ ಮಿಡಿ ಕೀಬೋರ್ಡ್ ತಂದು ಸರ್ಜ್ ಎಕ್ಸ್‌ಟಿಯಂಥ ಸಿಂಥ್ (ಕಂಪ್ಯೂಟರಿನೊಳಗೇ ದನಿ ಹುಟ್ಟಿಸುವ ವಾದ್ಯ) ನುಡಿಸಲು ಕೂತಾಗ ಮಾತ್ರ. ಆಗ 256, ತೀರ ಬೇಕೆಂದರೆ 128.

ದನಿ ಕಡಿಯುವುದಕ್ಕೆ ಎಕ್ಸ್‌ರನ್ ಎನ್ನುತ್ತಾರೆ. ಬಫರ್ ಖಾಲಿಯಾಗುವಷ್ಟರಲ್ಲಿ ಸಿಪಿಯು ತನ್ನ ಕೆಲಸ ಮುಗಿಸಲಿಲ್ಲ ಎಂದರ್ಥ, ಕಿವಿಗೆ ಟಪ್ ಎಂದು ಕೇಳುತ್ತದೆ. ಎಕ್ಸ್‌ರನ್ ಆದ ಜಾಗಕ್ಕೆ ಗುರುತು ಹಾಕುವ ಆಯ್ಕೆ ಆರ್ಡೋರಿನ ಪ್ರಿಫರೆನ್ಸ್‌ನಲ್ಲಿದೆ, ಅದನ್ನು ಹಾಕಿಟ್ಟುಕೊಳ್ಳಿ. ಹಾಡು ಮುಗಿದ ಮೇಲೆ ಟೈಮ್‌ಲೈನ್ ನೋಡಿದರೆ ಎಲ್ಲಿ ಮತ್ತೆ ಹಾಡಿಸಬೇಕೆಂದು ಗೊತ್ತಾಗುತ್ತದೆ. ನಮ್ಮ ಕಡೆ ಎಕ್ಸ್‌ರನ್‌ಗೆ ದೊಡ್ಡ ಕಾರಣ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಲ್ಯಾಪ್‌ಟಾಪಿನ ಸಿಪಿಯು ಬಿಸಿಯಾಗಿ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಬಫರ್ 1024 ಇದ್ದರೆ ಅದನ್ನು ತಡೆದುಕೊಳ್ಳುತ್ತದೆ, 128ರಲ್ಲಿ ಆಗುವುದಿಲ್ಲ.

ಬಿಸಿಯಾದ ಲ್ಯಾಪ್‌ಟಾಪಿನ ಫ್ಯಾನು ಭರ್ರೆಂದು ತಿರುಗುವುದು ಇನ್ನೊಂದು ಕಾಟ. ನಾನು ಲ್ಯಾಪ್‌ಟಾಪು, ಇಂಟರ್‌ಫೇಸು ಎರಡನ್ನೂ ಪಡಸಾಲೆಯಲ್ಲಿಟ್ಟು ಮೇಳವನ್ನು ಒಳಮನೆಯಲ್ಲಿ ಕೂರಿಸುತ್ತೇನೆ. ಉದ್ದ ಬೇಕಾದರೆ ಮೈಕಿನ ಎಕ್ಸ್‌ಎಲ್‌ಆರ್ ಕೇಬಲ್ಲನ್ನು ಉದ್ದ ಮಾಡಿ, ಯುಎಸ್‌ಬಿ ಕೇಬಲ್ಲನ್ನಲ್ಲ. ಎಕ್ಸ್‌ಎಲ್‌ಆರ್ ಹತ್ತಾರು ಮೀಟರ್ ಎಳೆದರೂ ಗುಂಯ್‌ಗುಡುವುದಿಲ್ಲ, ಯುಎಸ್‌ಬಿ 2.0ಗೆ ಐದು ಮೀಟರ್ ಆದರೆ ಮುಗಿಯಿತು.

ಕರೆಂಟಿನದೂ ಹೇಳಬೇಕು. ಹಳೆಯ ಮನೆಗಳ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ, ಚಾರ್ಜರ್ ಚುಚ್ಚಿದ ಕೂಡಲೇ ರೆಕಾರ್ಡಿಂಗಿನಲ್ಲಿ ಗುಂಯ್ ಎಂಬ 50 ಹರ್ಟ್ಸ್ ಸದ್ದು ಕೂತುಕೊಳ್ಳುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲಿದ್ದರಂತೂ ಅದಕ್ಕೆ ಕರಕರ ಬೇರೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದರೆ ಎರಡೂ ಮಾಯ. ಆದರೆ ಚಾರ್ಜರ್ ಕಿತ್ತ ಗಳಿಗೆಯಲ್ಲೇ ಲ್ಯಾಪ್‌ಟಾಪು ಉಳಿತಾಯದ ಗುಂಗಿಗೆ ಬಿದ್ದು ಸಿಪಿಯು ವೇಗ ಇಳಿಸಬಹುದು, ಮತ್ತೆ ಎಕ್ಸ್‌ರನ್. ಪರದೆಯ ಅಂಚಿನ ಪಟ್ಟಿಯಲ್ಲಿರುವ ಬ್ಯಾಟರಿ ಚಿತ್ರ ಒತ್ತಿ ಪವರ್ ಪ್ರೊಫೈಲ್ ಪರ್ಫಾರ್ಮನ್ಸಿಗೆ ಇದೆಯೇ ನೋಡಿಕೊಂಡೇ ನಾನು ಕೆಂಪು ಗುಂಡಿ ಒತ್ತುವುದು. ಲ್ಯಾಪ್‌ಟಾಪಿನ ವೈಫೈ, ಬ್ಲೂಟೂತ್ ಎರಡನ್ನೂ ಆಗಲೇ ಬಂದ್ ಮಾಡುತ್ತೇನೆ.

ಎರಡೇ ಮೈಕಿನಲ್ಲಿ ಮೇಳ ಹಿಡಿಯುವುದು ತಂತ್ರಾಂಶಕ್ಕಿಂತ ಕಷ್ಟದ ಕೆಲಸ. ಒಂದು ಡೈನಮಿಕ್ ಮೈಕು ಹಾಡುವವರ ಬಾಯಿಗೆ ಗೇಣು ದೂರದಲ್ಲಿ. ಇನ್ನೊಂದು ಪೇಟಿ, ತಬಲಾ ಎರಡರ ನಡುವೆ, ಪೇಟಿಯ ಮೇಲ್ಭಾಗಕ್ಕೆ ಮುಖ ಮಾಡಿ. ತಿದಿಯ ಎದುರಿಗಿಟ್ಟರೆ ಸ್ವರಕ್ಕಿಂತ ಗಾಳಿಯೇ ಜಾಸ್ತಿ ಬರುತ್ತದೆ. ತಾಳದವರನ್ನು ಮಾತ್ರ ಬಾಗಿಲ ಹತ್ತಿರಕ್ಕೆ ಕಳಿಸುತ್ತೇನೆ. ಮೈಕಿನ ಹತ್ತಿರ ಕೂತರೆ ಆ ಕಂಚಿನ ಸದ್ದನ್ನು ಯಾವ ಪ್ಲಗಿನ್ನಿಂದಲೂ ಆಮೇಲೆ ತಗ್ಗಿಸಲಾಗದು. ಗೇನ್ (ಮೈಕಿನ ದನಿಯನ್ನು ಏರಿಸುವ ಮಟ್ಟ) ಇಡುವಾಗ ಮಂಗಳದ ಹೊತ್ತಿನ ಅಬ್ಬರವನ್ನು ಮೊದಲೇ ಹಾಡಿಸಿ, ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬಲ್ ದಾಟದಂತೆ ಇಟ್ಟುಕೊಳ್ಳುತ್ತೇನೆ. 24 ಬಿಟ್ ಇಂಟರ್‌ಫೇಸಿನಲ್ಲಿ ಅಷ್ಟು ಕೆಳಗಿಟ್ಟರೂ ನಷ್ಟವೇನಿಲ್ಲ. ಜಾಗದ ಲೆಕ್ಕವೂ ಚಿಕ್ಕದು. ಆರ್ಡೋರ್ ತಾನಾಗಿ ಬಳಸುವ 32 ಬಿಟ್ ಫ್ಲೋಟ್‌ನಲ್ಲಿ ಎರಡು ಟ್ರ್ಯಾಕು ಒಂದು ತಾಸು ಓಡಿದರೆ 1.4 ಜಿಬಿಯೊಳಗೇ ಆಗುತ್ತದೆ.

ಪ್ಲಗಿನ್‌ಗಳಲ್ಲಿ ನನ್ನ ಪಟ್ಟಿ ಚಿಕ್ಕದು. ಎಲ್‌ಎಸ್‌ಪಿ, ಎಕ್ಸ್42, ಡ್ರ್ಯಾಗನ್‌ಫ್ಲೈ ರಿವರ್ಬ್, ನಾಯ್ಸ್ ರಿಪೆಲೆಂಟ್; ನಾಲ್ಕೂ ಮುಕ್ತ, ಎಲ್‌ವಿ2 ಎಂಬ ಪ್ಲಗಿನ್ ರೂಪದಲ್ಲಿ ಸಿಗುತ್ತವೆ. ಹೊರಗಿನಿಂದ ಇಳಿಸಿಕೊಂಡ ಪ್ಲಗಿನ್ ಇದ್ದರೆ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಎಲ್‌ವಿ2, ವಿಎಸ್‌ಟಿ3 ಎಂಬ ಗುಪ್ತ ಫೋಲ್ಡರುಗಳಲ್ಲಿ ಹಾಕಿ, ಆರ್ಡೋರಿನ ಪ್ಲಗಿನ್ ಮ್ಯಾನೇಜರಿನಿಂದ ಸ್ಕ್ಯಾನ್ ಮಾಡಿಸಬೇಕು. ಕ್ಲ್ಯಾಪ್ ಎಂಬ ಇನ್ನೊಂದು ರೂಪದ್ದು ತರಬೇಡಿ, ಆರ್ಡೋರ್ 8 ಅದನ್ನು ಓದುವುದಿಲ್ಲ, ರೀಪರ್ ಓದುತ್ತದೆ.

ಹಾಡಿನ ಟ್ರ್ಯಾಕಿಗೆ ಮೊದಲು ಎಲ್‌ಎಸ್‌ಪಿ ಈಕ್ವಲೈಜರ್, 90 ಹರ್ಟ್ಸ್ ಕೆಳಗಿನದು ಕಡಿತ. ತಬಲಾ ಇರುವ ಟ್ರ್ಯಾಕಿಗೆ ಇದೇ ಕಡಿತ ಹಾಕಿದರೆ ಡಗ್ಗಾದ ಗುಮಕಿ ಹೋಗಿ ಡಬ್ಬಿ ಬಡಿದಂತಾಗುತ್ತದೆ, ಅಲ್ಲಿ 40ರ ಹತ್ತಿರವೇ ನಿಲ್ಲುತ್ತೇನೆ. ನಂತರ ಜೋರಿನ ದನಿಯನ್ನು ತಗ್ಗಿಸುವ ಕಂಪ್ರೆಸರ್, ಮೂರಕ್ಕೊಂದು ಪ್ರಮಾಣ, ಅಟ್ಯಾಕ್ (ತಗ್ಗಿಸಲು ತೆಗೆದುಕೊಳ್ಳುವ ಹೊತ್ತು) 20 ಮಿಲಿಸೆಕೆಂಡು, ಸೂಜಿ ಮೂರು ನಾಲ್ಕು ಡೆಸಿಬಲ್ ಆಡಿದರೆ ಸಾಕು. ರಿವರ್ಬಿನಲ್ಲಿ ಡ್ರ್ಯಾಗನ್‌ಫ್ಲೈ ರೂಮ್, ಅದೂ ಸ್ವಲ್ಪವೇ. ಗುಹೆಯೊಳಗೆ ಹಾಡಿದಂತೆ ಕೇಳಿಸುವ ರಿವರ್ಬ್ ಹಾಕಿಕೊಡಿ ಎಂದು ಬರುವ ಯುವಕರಿದ್ದಾರೆ, ಹಾಕಿಕೊಟ್ಟಿದ್ದೂ ಉಂಟು. ಆದರೆ ತತ್ವಪದದಲ್ಲಿ ಮಾತು ಕೇಳಬೇಕು.

ಮೇ ತಿಂಗಳಲ್ಲಿ ಒಳಮನೆಯ ಸೀಲಿಂಗ್ ಫ್ಯಾನು ಆರಿಸಿ ಎಂದು ಹಿರಿಯರಿಗೆ ಹೇಳುವ ಧೈರ್ಯ ನನಗಿಲ್ಲ. ಹಾಡು ಶುರುವಾಗುವ ಮೊದಲು ಎಲ್ಲರೂ ಸುಮ್ಮನಿದ್ದಾಗ ಹತ್ತು ಸೆಕೆಂಡು ಬರೀ ಫ್ಯಾನಿನ ಸದ್ದು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ. ನಾಯ್ಸ್ ರಿಪೆಲೆಂಟ್‌ಗೆ ಅದನ್ನು ಕೇಳಿಸಿ 'ಕಲಿ' ಎಂದರೆ, ಪೂರ್ತಿ ಹಾಡಿನಿಂದ ಆ ಸದ್ದನ್ನು ಇಳಿಸಿಕೊಡುತ್ತದೆ. ಎಂಟು ಹತ್ತು ಡೆಸಿಬಲ್ ಇಳಿಸಿ ನಿಲ್ಲಿಸಬೇಕು, ಪೂರ್ತಿ ತೆಗೆಯಲು ಹೋದರೆ ದನಿ ನೀರೊಳಗಿಂದ ಬಂದಂತೆ ಗುಳುಗುಳು ಅನ್ನುತ್ತದೆ. ಇದು ಕೆಲಸ ಮಾಡುವುದು ಒಂದೇ ಸಮನೆ ಇರುವ ಸದ್ದಿಗೆ. ಬಸ್ಸಿನ ಹಾರ್ನು, ನಾಯಿ ಬೊಗಳಿಕೆಗೆ ಮತ್ತೊಮ್ಮೆ ಹಾಡಿಸುವುದೇ ದಾರಿ.

ವಿಂಡೋಸ್ ಪ್ಲಗಿನ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೇಲೆ, ಪ್ಲಗಿನ್‌ಗಳಿಗೆ ಸೇತುವೆಯಾಗುವ ಯಾಬ್ರಿಡ್ಜ್ ಹಾಕಿ, ಪ್ಲಗಿನ್ ಇರುವ ಫೋಲ್ಡರನ್ನು ಅದಕ್ಕೆ ತೋರಿಸಿ ಸಿಂಕ್ ಮಾಡಿದರೆ ಅವು ಲಿನಕ್ಸ್ ಪ್ಲಗಿನ್‌ಗಳಂತೆಯೇ ಪಟ್ಟಿಯಲ್ಲಿ ಬರುತ್ತವೆ. ವೈನ್ 9.22ರಿಂದ ಆಚೆಗೆ ಯಾಬ್ರಿಡ್ಜ್ ಜೊತೆ ಕಿಟಕಿಯ ಮೇಲೆ ಮೌಸ್ ಒಂದು ಕಡೆ, ಒತ್ತಿದ್ದು ಇನ್ನೊಂದು ಕಡೆ ಆಗುವ ತೊಂದರೆ ಬಂದಿತ್ತು. ಹಾಗಾಗಿ ಬಹಳ ಮಂದಿ ವೈನ್‌ನ ಸ್ಟೇಜಿಂಗ್ ಆವೃತ್ತಿ 9.21ರಲ್ಲೇ ನಿಂತರು, ನಾನೂ ಅಲ್ಲೇ ಇದ್ದೇನೆ. ಐಲಾಕ್ ಡಾಂಗಲ್ (ಪರವಾನಗಿ ಇಟ್ಟುಕೊಂಡ ಯುಎಸ್‌ಬಿ ಕೀಲಿ) ಬೇಡುವ ಪ್ಲಗಿನ್‌ಗಳ ಆಸೆ ಬಿಟ್ಟುಬಿಡಿ. ಪೆನ್‌ಡ್ರೈವಿನಲ್ಲಿ ಕ್ರ್ಯಾಕ್ ಮಾಡಿದ ಪ್ಲಗಿನ್ ತುಂಬಿಕೊಂಡು ಬಂದವರಿಗೆ ನಾನು ಹಾಕಿಕೊಡುವುದಿಲ್ಲ. ಅಂಗಡಿಯ ಬಿಲ್ಲು, ಮಂದಿಯ ಆಧಾರ್ ಝೆರಾಕ್ಸು ಇರುವ ಯಂತ್ರಕ್ಕೆ ವೈರಸ್ ಹೊಗಿಸಿಕೊಳ್ಳುವ ಉಸಾಬರಿ ಯಾಕೆ?

ಕೊನೆಗೆ ಎಕ್ಸ್‌ಪೋರ್ಟ್. ಮಿಕ್ಸ್ ಮಾಡುವಾಗ ಪೈಪ್‌ವೈರಿಗೆ ವಾಪಸಾಗುತ್ತೇನೆ, ಬ್ರೌಸರಿನಲ್ಲಿ ಬೇರೆ ಹಾಡು ಹಾಕಿ ಹೋಲಿಸಿ ನೋಡಲು ಅನುಕೂಲ. ಎಕ್ಸ್42ರ ಆರ್128 ಮೀಟರ್ ನೋಡಿಕೊಂಡು ಯೂಟ್ಯೂಬಿಗೆ ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತಮುತ್ತ ಇಡುತ್ತೇನೆ. ಗುಡಿಯ ಕೊಂಬಿನ ಸ್ಪೀಕರಿಗೆ ಬೇಕೆಂದರೆ ಬೇರೆಯದೇ ಫೈಲು ಮಾಡಿಕೊಡುತ್ತೇನೆ, ಮೋನೊ, ತಾಳದ ಮೊನಚು ಇನ್ನೂ ಇಳಿಸಿ. ಮೇಳದವರಿಗೆ ಬೇಕಾದ್ದು ಎಂಪಿ3, ಆರ್ಡೋರ್ ಅದನ್ನೂ ನೇರವಾಗಿ ಕೊಡುತ್ತದೆ. ವಾಟ್ಸ್ಯಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ. ಇಡೀ ಸೆಷನ್ನನ್ನು ಆರ್ಕೈವ್ ಮಾಡಿ ಹೊರಗಿನ ಡಿಸ್ಕಿಗೆ ಹಾಕುತ್ತೇನೆ. ಟ್ರ್ಯಾಕು, ಪ್ಲಗಿನ್ ಜೋಡಣೆಯನ್ನು ಟೆಂಪ್ಲೇಟ್ ಆಗಿ ಉಳಿಸಿಟ್ಟುಕೊಂಡದ್ದರಿಂದ ಮುಂದಿನ ಮೇಳ ಬಂದಾಗ ಪೇಟಿಯವರು ಶ್ರುತಿ ಹಿಡಿಯುವಷ್ಟರಲ್ಲಿ ನನ್ನ ಕಡೆ ತಯಾರಾಗಿರುತ್ತದೆ.