ಹಳೆಯ ಕೃಷಿಕರ ದಿನವಹಿಯನ್ನು ಓದಿ ಪ್ರತಿ ಮಾಡುವ ಕ್ರಮ

ಕಾಸರಗೋಡಿನ ಕುಂಬಳೆ, ಪೆರ್ಲ, ಬದಿಯಡ್ಕ ಕಡೆಯ ಹಳೆ ಮನೆಗಳ ಅಟ್ಟದಲ್ಲಿ ಸಿಗುವ 19ನೇ ಶತಮಾನದ ದಿನವಹಿಗಳಲ್ಲಿ (ದಿನದಿನದ ಬರಹದ ಪುಸ್ತಕಗಳಲ್ಲಿ) ಮನಸ್ಸಿನ ಮಾತು ಕಡಿಮೆ, ಲೆಕ್ಕವೇ ಜಾಸ್ತಿ. ಯಾರಿಗೆ ಎಷ್ಟು ಭತ್ತ ಅಳೆದದ್ದು, ಅಡಿಕೆ ಯಾವಾಗ ಕೊಯ್ದದ್ದು, ಭೂತದ ಕೋಲಕ್ಕೆ ಏನು ಖರ್ಚು ಎಂಬ ಸಾಲುಗಳಲ್ಲೇ ಊರಿನ ಬದುಕು ಇರುವುದು. ಲೆಕ್ಕ ಬಿಟ್ಟು ಸುದ್ದಿಯಷ್ಟನ್ನೇ ಪ್ರತಿ ಮಾಡಿದರೆ ಮುಕ್ಕಾಲು ಪಾಲು ಕಳೆದುಹೋಗುತ್ತದೆ.

ಮೊದಲು ಫೋಟೋ. ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಹಾಕಿ, ಬೆಳಕು ಒಂದು ಬದಿಯಿಂದ ಬೀಳುವ ಹಾಗೆ ಇಟ್ಟು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಮಳೆಗಾಲದಲ್ಲಿ ಕಟ್ಟು ಬಿಚ್ಚಬೇಡಿ, ತೇವಕ್ಕೆ ಹಾಳೆಗಳು ಅಂಟಿಕೊಳ್ಳುತ್ತವೆ. ಹರಿದಲ್ಲಿ ಸೆಲೋಟೇಪ್, ಲ್ಯಾಮಿನೇಶನ್ ಎರಡೂ ಬೇಡ. ಕಪ್ಪು ಬಟ್ಟೆಯ ಕಡತವಾದರೆ ಇನ್ನೂ ಜಾಗ್ರತೆ: ಅದು ಬಳಪದ ಬರಹ, ಒರೆಸಿದರೆ ಹೋಯಿತು.

ಪ್ರತಿ ಎರಡು ಇರಲಿ. ಒಂದು ಯಥಾಪ್ರತಿ: ‘ವಂದು’, ‘ಯೆರಡು’, ‘ಯಲ್ಲಾ’ ಎಂದಿದ್ದರೆ ಹಾಗೆಯೇ. ಓದಲಾಗದ್ದಕ್ಕೆ [...], ಅನುಮಾನವಿದ್ದಲ್ಲಿ [?]. ಇನ್ನೊಂದು, ಪದ ಬಿಡಿಸಿ ಇಂದಿನ ಕಾಗುಣಿತದಲ್ಲಿ ಬರೆದದ್ದು. ಮೊದಲನೆಯದನ್ನು ಯಾವತ್ತೂ ತಿದ್ದಬೇಡಿ. ಅಕ್ಷರ ಮೋಡಿಯಾಗಿದ್ದರೆ (ಕೂಡಿಸಿ ವೇಗವಾಗಿ ಬರೆದದ್ದಾದರೆ) ದಿನವೂ ಮರಳುವ ‘ಜಮೆ’, ‘ಖರ್ಚು’, ‘ಬಾಕಿ’, ‘ಬಾಬತು’ಗಳಿಂದ ಆ ಕೈಯ ಅಕ್ಷರಮಾಲೆಯನ್ನು ಒಂದು ಹಾಳೆಯಲ್ಲಿ ಬಿಡಿಸಿಕೊಳ್ಳಿ.

ಎಡವುವುದು ಅಂಕಿಗಳಲ್ಲಿ. ಕೈಬರಹದಲ್ಲಿ ೬ ಮತ್ತು ೯ ಒಂದೇ ತರಹ. ‘ಮು ೨॥’ ಎಂದರೆ ಎರಡೂವರೆ ಮುಡಿ (ಮುಡಿ ಧಾನ್ಯದ ಅಳತೆ). ಅದೇ ಜೋಡಿಗೆರೆ ‘ತಾ॥’ದಲ್ಲಿ ಬರೀ ಸಂಕ್ಷೇಪದ ಗುರುತು. ಒಂದು ಗೆರೆಯಿದ್ದರೆ ಕಾಲು, ಮೂರು ಗೆರೆಯಿದ್ದರೆ ಮುಕ್ಕಾಲು. ಸಂಶಯ ಬಿಡಿಸುವುದು ಪುಟದ ಕೆಳಗಿನ ಒಟ್ಟು ಮೊತ್ತ. ದಕ್ಷಿಣ ಕನ್ನಡದ ರೂಢಿಯ ಅಳತೆಯಲ್ಲಿ 14 ಸೇರಿಗೆ ಒಂದು ಕಳಸಿಗೆ, 3 ಕಳಸಿಗೆಗೆ ಒಂದು ಮುಡಿ. ಒಂದು ಸಾಲು ‘1 ಮುಡಿ 6 (ಅಥವಾ 9?) ಸೇರು’, ಇನ್ನೊಂದು ‘2 ಕಳಸಿಗೆ 8 ಸೇರು’ ಎಂದಿಟ್ಟುಕೊಳ್ಳಿ. ಮೊತ್ತ ಸರಿಯಾಗಿ 2 ಮುಡಿ ಎಂದಿದ್ದರೆ ಅದು 6; 9 ಆಗಿದ್ದರೆ 3 ಸೇರು ಉಳಿಯಬೇಕಿತ್ತು. ಆದರೆ ಒಂದು ಮುಡಿಗೆ ಎಷ್ಟು ಸೇರು ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಸ್ಪಷ್ಟವಾಗಿರುವ ಪುಟಗಳನ್ನು ಕೂಡಿಸಿ, ಆ ಮನೆಯ ಅಳತೆ ಯಾವುದೆಂದು ಮೊದಲು ಗೊತ್ತು ಮಾಡಿಕೊಳ್ಳಿ. ಹಣಕ್ಕೆ 16 ಆಣೆಯ ರೂಪಾಯಿ, 12 ಪೈಯ ಆಣೆ.

ತಾರೀಕಿನದು ಬೇರೆಯೇ ತೊಡಕು. ದೊಡ್ಡ ಬರದ ಧಾತು ಸಂವತ್ಸರವನ್ನೇ ನೋಡಿ: ಸಂದ (ಮುಗಿದ ವರ್ಷಗಳ ಲೆಕ್ಕದ) ಶಕ 1798, ಕ್ರಿ.ಶ. 1876–77. ಸೌರಮಾನದಲ್ಲಿ ವರ್ಷ ಹೊರಳುವುದು ಏಪ್ರಿಲ್ ನಡುವಿನ ಬಿಸುವಿಗೆ. ಹಾಗಾಗಿ ಧಾತುವಿನ ಕುಂಭ, ಮೀನ ತಿಂಗಳುಗಳು 1877ಕ್ಕೆ ಸೇರುತ್ತವೆ, 1876 ಎಂದು ಬರೆದರೆ ತಪ್ಪು. ತೀರ್ವೆ (ಭೂಕಂದಾಯ) ರಶೀದಿಯ ಫಸಲಿ, ಅಂದರೆ ಕಂದಾಯದ ವರ್ಷ ಜುಲೈಯಿಂದ ಶುರು, ಕ್ರಿ.ಶ. ತಿಳಿಯಲು ಅದಕ್ಕೆ 590 ಕೂಡಿಸಬೇಕು: ಫಸಲಿ 1286 ಎಂದರೆ 1876ರ ಜುಲೈಯಿಂದ 1877ರ ಜೂನ್. ನೀಲೇಶ್ವರದ ಕಡೆಯ ಕಾಗದಗಳಲ್ಲಿ ಮಲಯಾಳದ ಕೊಲ್ಲಂ ವರ್ಷ ಬಂದರೆ, ಉತ್ತರ ಮಲಬಾರಿನ ಲೆಕ್ಕದಲ್ಲಿ ಅದು ಶುರುವಾಗುವುದು ಕನ್ಯಾ ತಿಂಗಳಿಂದ. ವಾರ ಬರೆದಿದ್ದರೆ ಬಹಳ ಒಳ್ಳೆಯದು, ತಾರೀಕನ್ನು ಅದರೊಡನೆ ತಾಳೆ ನೋಡಿ.

ಕನ್ನಡದ ನಡುವೆ ತುಳು, ಮಲಯಾಳ ನುಸುಳುತ್ತವೆ. ‘ಸುಗ್ಗಿ’ ಎಂದರೆ ಎರಡನೇ ಬೆಳೆಯೂ ಹೌದು, ತುಳುವಿನ ಮೀನ ಮಾಸವೂ ಹೌದು. ಪಕ್ಕದಲ್ಲಿ ಏಣಿಲು, ಕೊಳಕೆ ಇದ್ದರೆ ಬೆಳೆ, ಮಾಯಿ, ಪಗ್ಗು ಇದ್ದರೆ ತಿಂಗಳು. ಗುಂಡರ್ಟರ ಮಲಯಾಳ (1872), ಮ್ಯಾನರರ ತುಳು (1886), ಕಿಟ್ಟೆಲರ ಕನ್ನಡ (1894) ನಿಘಂಟುಗಳು ಮೂರೂ ಮಂಗಳೂರಿನಲ್ಲೇ ಅಚ್ಚಾದವು, ಈ ಕಾಲದ ಪದಗಳಿಗೆ ಅವೇ ಆಸರೆ. ಹಲಸಿನ ಪಾಲು, ಎತ್ತಿನ ಕಾಯಿಲೆಯಂಥ ಮಾತುಗಳನ್ನು ಗದ್ದೆ ಕಂಡ ಹಿರಿಯರ ಹತ್ತಿರವೂ ಕೇಳಿ.

ಕೊನೆಗೆ ಎಕ್ಸೆಲ್: ಪುಟ, ತಾರೀಕು, ವ್ಯಕ್ತಿ, ಕೆಲಸ, ಧಾನ್ಯ, ಹಣ. ಅಳತೆಯನ್ನು ಕಿಲೋಗೆ ತಿರುಗಿಸಬೇಡಿ, ಮುಡಿ, ಕಳಸಿಗೆ, ಸೇರಿಗೆ ಬೇರೆಬೇರೆ ಕಾಲಂ ಕೊಡಿ. ವರ್ಷದುದ್ದಕ್ಕೆ ತುಂಬಿದ ಮೇಲೆ ವ್ಯಕ್ತಿಯ ಹೆಸರಲ್ಲಿ ಸಾರ್ಟ್ ಮಾಡಿ. ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಯಾರು ಅಕ್ಕಿ ಸಾಲ ಒಯ್ದರು, ಕೊಯ್ಲಿನಲ್ಲಿ ಎಷ್ಟು ದಿನ ದುಡಿದು ತೀರಿಸಿದರು ಎಂಬುದು ಆಗ ಕಾಣುತ್ತದೆ. ಹೊರಗೆ ಕೊಡುವ ಮುನ್ನ ಮನೆಯವರ ಒಪ್ಪಿಗೆ ಪಡೆಯಿರಿ. ಸಾಲಗಾರರ ಮೊಮ್ಮಕ್ಕಳು ಅದೇ ಊರಲ್ಲಿರುತ್ತಾರೆ.