ಬೆಟ್ಟ ನಡಿಗೆ, ಜೇಬಿನಲ್ಲೊಂದು ನೋಟ್‌ಬುಕ್

ಬೆಟ್ಟ ಹತ್ತಿ ಬಂದವರ ಬರಹಗಳಲ್ಲಿ ಮಂಜು, ಹಸಿರು, ಮೌನ, ನೆಮ್ಮದಿ ಎಂಬ ನಾಲ್ಕು ಪದಗಳು ತಪ್ಪದೆ ಸಿಗುತ್ತವೆ. ಬೆಟ್ಟ ಯಾವುದಾದರೂ ಅಷ್ಟೇ. ಬರೆಯುವವರಿಗೆ ಭಾಷೆ ಸಾಲದೆ ಹೀಗಾಗುವುದಲ್ಲ. ಇಳಿದು, ಮನೆ ಸೇರಿ, ಎರಡು ದಿನ ಬಿಟ್ಟು ಬರೆಯಲು ಕೂರುವ ಹೊತ್ತಿಗೆ ವಿವರವೆಲ್ಲ ಉದುರಿ ಭಾವವಷ್ಟೇ ಉಳಿದಿರುತ್ತದೆ. ಹಾಗಾಗಿ ಬೆಟ್ಟದ ಮೇಲಿರುವಾಗಲೇ ನಾಲ್ಕು ಸಾಲು ಗೀಚಿಕೊಳ್ಳಬೇಕು. ಅದಕ್ಕೆ ಸ್ಫೂರ್ತಿಗಿಂತ ಮೊದಲು ಬೇಕಾದ್ದು ಸಮಯ. ಆ ಸಮಯ ಹೊರಡುವ ಮುಂಚೆಯೇ ಲೆಕ್ಕದಲ್ಲಿ ಸೇರಿರಬೇಕು.

ಸಮಯದ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ. ಅದರ ಮೆಟ್ರಿಕ್ ರೂಪ ಹೀಗೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಮತ್ತೊಂದು ಗಂಟೆ. ಹೋಗಿಬರುವ ದೂರ 12 ಕಿ.ಮೀ., ಏರಿಕೆ 600 ಮೀ. ಇದ್ದರೆ 3 ಗಂಟೆ 24 ನಿಮಿಷ. ಇದರಲ್ಲಿ ಒಂದು ನಿಮಿಷದ ವಿಶ್ರಾಂತಿಯೂ ಇಲ್ಲ, ದಾರಿ ಚೆನ್ನಾಗಿದೆ ಎಂದೇ ಲೆಕ್ಕ. ಕಲ್ಲು, ಕೆಸರು, ಬೇರುಗಳಿಗಾಗಿ ಕಾಲು ಭಾಗ ಸೇರಿಸಿ: 4 ಗಂಟೆ 15 ನಿಮಿಷ. ಬರೆಯಲು ಹತ್ತು ಹತ್ತು ನಿಮಿಷದ ಐದು ನಿಲುಗಡೆ, ಊಟಕ್ಕೆ ಅರ್ಧ ಗಂಟೆ. ಒಟ್ಟು 5 ಗಂಟೆ 35 ನಿಮಿಷ. ಆರು ಗಂಟೆ ಎಂದೇ ಇಟ್ಟುಕೊಳ್ಳಿ. ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲು ಕೆಳಗೆ ತಲುಪುವಂತೆ ಹಿಂದಕ್ಕೆ ಎಣಿಸಿದರೆ, ಯಾವ ಹೊತ್ತು ಮೀರಿ ಹೊರಟರೆ ತಡ ಎನ್ನುವ ಗಡಿ ಸಿಗುತ್ತದೆ. ಇಳಿಯುವುದು ಸುಲಭ ಎಂಬ ನಂಬಿಕೆ ಬೇಡ. ಕಡಿದಾದ ಇಳಿಜಾರಿನಲ್ಲಿ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಹೆಚ್ಚೇ ಹಿಡಿಯುತ್ತದೆ.

ನೋಟಕ್ಕಾಗಿಯೇ ಹೋಗುವುದಾದರೆ ಆ ಗಡಿಗಿಂತ ಬಹಳ ಮೊದಲು, ಬೆಳಗಾಗುತ್ತಲೇ ಹೊರಡಿ. ಬಿಸಿಲು ಓರೆಯಾಗಿ ಬೀಳುವಾಗ ಪ್ರತಿ ಮಡಿಕೆಗೂ ನೆರಳಿರುತ್ತದೆ, ಕಣಿವೆಯ ಆಳ ಕಾಣುತ್ತದೆ. ನೆತ್ತಿಯ ಬಿಸಿಲಿನಲ್ಲಿ ಅದೇ ಬೆಟ್ಟಸಾಲು ಚಪ್ಪಟೆ. ಸಾಧ್ಯವಾದರೆ ಪಶ್ಚಿಮದ ಮಗ್ಗುಲಿನಿಂದ ಹತ್ತಿ. ಬೆಳಗಿನ ಏರು ನೆರಳಿನಲ್ಲೇ ಮುಗಿಯುತ್ತದೆ.

ಬರೆಯುವ ಸಾಮಾನು

ಅಂಗಿ ಜೇಬಿಗೆ ಹಿಡಿಸುವ, ಗಟ್ಟಿ ರಟ್ಟಿನ ನೋಟ್‌ಬುಕ್. ಬೆನ್ನುಚೀಲದಲ್ಲಿಟ್ಟರೆ ಅದು ಹೊರಗೆ ಬರುವುದೇ ಇಲ್ಲ. ಏದುಸಿರು ಬಿಡುತ್ತಿರುವವರು ಯಾರೂ ಒಂದು ಸಾಲಿಗಾಗಿ ಚೀಲ ಇಳಿಸುವುದಿಲ್ಲ. ಪೆನ್ನಿಗಿಂತ ಪೆನ್ಸಿಲ್ ವಾಸಿ. ಜೆಲ್ ಪೆನ್ನಿನ ಶಾಯಿ ಹನಿ ಬಿದ್ದರೆ ಹರಡುತ್ತದೆ, ಒದ್ದೆ ಕಾಗದದ ಮೇಲೆ ಬಾಲ್‌ಪೆನ್ ಜಾರುತ್ತದೆ, ಚಳಿಯಲ್ಲಿ ಅದರ ಶಾಯಿಯೂ ಗಟ್ಟಿಯಾಗುತ್ತದೆ. ಎರಡು ಪೆನ್ಸಿಲ್ ಇರಲಿ, ಒಂದನ್ನು ದಾರದಲ್ಲಿ ನೋಟ್‌ಬುಕ್ಕಿಗೇ ಕಟ್ಟಿ. ಮಳೆಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಂಡರೆ ಗಾಳಿಯ ಸದ್ದೇ ಹೆಚ್ಚು ಕೇಳುತ್ತದೆ. ಚಳಿಯಲ್ಲಿ ಬ್ಯಾಟರಿಯೂ ಬೇಗ ಇಳಿಯುತ್ತದೆ. ಅದನ್ನು ಒಳಜೇಬಿನಲ್ಲಿ ಬೆಚ್ಚಗೆ, ತುರ್ತಿಗೆಂದು ಉಳಿಸಿಕೊಳ್ಳಿ.

ಎಲ್ಲಿ ನಿಲ್ಲಬೇಕು, ಏನು ಬರೆಯಬೇಕು

ತುದಿಯಲ್ಲಿ ಬರೆಯುವ ಆಸೆ ಬಿಡಿ. ಬೆವರಿದ ಬಟ್ಟೆಗೆ ಗಾಳಿ ತಾಗಿ ಐದೇ ನಿಮಿಷದಲ್ಲಿ ಕೈ ಮರಗಟ್ಟುತ್ತದೆ, ಜನವೂ ಅಲ್ಲೇ ಹೆಚ್ಚು. ಒಳ್ಳೆಯ ಜಾಗಗಳು ದಾರಿಯಲ್ಲಿವೆ: ಕಾಡು ಮುಗಿದು ಹುಲ್ಲು ಶುರುವಾಗುವಲ್ಲಿ, ಹಳ್ಳ ದಾಟುವಲ್ಲಿ, ತಿರುವಿನಾಚೆಯ ಕಣಿವೆ ಮೊದಲ ಸಲ ಕಾಣಿಸುವಲ್ಲಿ.

ನಿಂತ ಕೂಡಲೇ ಬರೆಯಬೇಡಿ. ಎರಡು ನಿಮಿಷ ಉಸಿರು ಹದಕ್ಕೆ ಬರಲಿ, ಸುಮ್ಮನೆ ನೋಡಿ. ಆಮೇಲೆ ಬಲಪುಟದಲ್ಲಿ ಸಮಯ, ಜಾಗ, ಎತ್ತರ. ನಂತರ ಅತಿ ದೂರದಲ್ಲಿ ಕಾಣುವುದು, ನಡುವಿನದು, ಕಾಲ ಬಳಿಯದು, ಇದೇ ಕ್ರಮದಲ್ಲಿ. ಗಾಳಿಯ ದಿಕ್ಕು, ಒಂದು ಸದ್ದು, ಒಂದು ವಾಸನೆ. ಮನಸ್ಸಿಗೆ ಬಂದ ಯೋಚನೆ ಏನಿದ್ದರೂ ಎಡಪುಟಕ್ಕೆ. ಎರಡನ್ನೂ ಬೆರೆಸಬೇಡಿ: ಯೋಚನೆಯನ್ನು ಮನೆಯಲ್ಲಿ ಕೂತು ತಿದ್ದಬಹುದು, ನೋಡದೆ ಬಿಟ್ಟದ್ದನ್ನು ಅಲ್ಲಿಂದ ತರಲಾಗದು.

‘ನೀಲಿ ಬೆಟ್ಟಗಳು’ ಎಂದು ಬರೆಯುವ ಮುನ್ನ ಸಾಲುಗಳನ್ನು ಎಣಿಸಿ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಹಿಂದಿನ ಒಂದೊಂದು ಸಾಲೂ ಮುಂದಿನದಕ್ಕಿಂತ ಮಾಸಲು. ಎಷ್ಟನೆಯ ಸಾಲು ಆಕಾಶದಲ್ಲಿ ಕರಗಿತು ಎಂಬುದು ಅಂದಿನ ಗಾಳಿ ಎಷ್ಟು ತಿಳಿಯಾಗಿತ್ತೆಂದು ಹೇಳುತ್ತದೆ. ಆಲ್ಪ್ಸ್ ಸುತ್ತಿದ ವಿಜ್ಞಾನಿ ಸೊಸ್ಸೂರ್ 18ನೆಯ ಶತಮಾನದಲ್ಲೇ ಆಕಾಶದ ನೀಲಿಯನ್ನು ಅಳೆಯಲು ಬಣ್ಣದ ಪಟ್ಟಿಗಳ ವರ್ತುಲವೊಂದನ್ನು ಮಾಡಿಕೊಂಡಿದ್ದ. ನಮಗೆ ಅಷ್ಟು ಬೇಡ, ತಲೆಯ ಮೇಲಿನ ನೀಲಿಗೂ ಅಂಚಿನ ನೀಲಿಗೂ ಇರುವ ವ್ಯತ್ಯಾಸ ಬರೆದರೆ ಸಾಕು. ಚಳಿಯನ್ನೂ ಹೀಗೇ ಹಿಡಿಯಬಹುದು. ಸರಾಸರಿ ಪ್ರತಿ 1000 ಮೀಟರಿಗೆ 6.5 ಡಿಗ್ರಿ ತಾಪ ಇಳಿಯುತ್ತದೆ, ಅಂದರೆ 600 ಮೀಟರ್ ಏರಿದರೆ ಸುಮಾರು 4 ಡಿಗ್ರಿ. ಜಾಕೆಟ್ ಎಲ್ಲಿ ಹಾಕಿಕೊಂಡಿರಿ ಎಂದು ಗುರುತಿಸಿ. ‘ಕೊರೆಯುವ ಚಳಿ’ಗಿಂತ ಆ ಒಂದು ಸಾಲು ಹೆಚ್ಚು ಹೇಳುತ್ತದೆ.

ಎಡವಟ್ಟಾಗುವುದು ಎಲ್ಲಿ

ನೋಡುತ್ತಾ ನಡೆಯುವುದರಲ್ಲಿ. ನಡೆಯುವಾಗ ಕಣ್ಣು ದಾರಿಯ ಮೇಲಿರಲಿ, ನೋಡಬೇಕೆನಿಸಿದರೆ ನಿಲ್ಲಿ. ಫೋಟೊಗೆಂದು ಅಂಚಿನ ಕಡೆಗೆ ಹಿಂದೆ ಹಿಂದೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ. ಜೊತೆಯವರಿಗೆ ನಿಲುಗಡೆಗಳ ವಿಷಯ ಮೊದಲೇ ಹೇಳಿ. ಇಲ್ಲದಿದ್ದರೆ ನೀವು ಬರೆಯುವಷ್ಟರಲ್ಲಿ ಅವರು ಮುಂದಿನ ಕವಲು ದಾಟಿರುತ್ತಾರೆ.

ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಪುಸ್ತಕ ಮುಚ್ಚಿ, ದಿಣ್ಣೆಯ ನೆತ್ತಿಯಿಂದ ಇಳಿಯಿರಿ. ಒಂಟಿ ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಸೀಟಿಯೊಂದು ಜೊತೆಗಿರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ ಅದು ಬೆಟ್ಟಗಳಲ್ಲಿ ನೆರವಿನ ಕರೆ. ಅದನ್ನು ಕೇಳಿದವರ ಉತ್ತರ ಮೂರು ಸಲ.

ಮನೆಗೆ ಬಂದ ಮೇಲೆ

ಅಂದು ರಾತ್ರಿಯೇ ಅರ್ಧ ಗಂಟೆ ಕೂತು ಗೀಚಿದ್ದನ್ನು ಬಿಡಿಸಿ ಬರೆಯಿರಿ. ಮರುದಿನಕ್ಕೆ ನಿಮ್ಮ ಅಕ್ಷರ ನಿಮಗೇ ಓದಲು ಬಾರದು. ನಂತರ ಎಡಪುಟದ ಯೋಚನೆಗಳನ್ನು ಒಂದೊಂದಾಗಿ ನೋಡಿ: ದಾರಿಯ ಯಾವ ತಿರುವಿನಲ್ಲಿ ಹುಟ್ಟಿತೆಂದು ಬೆರಳಿಟ್ಟು ತೋರಿಸಬಲ್ಲದ್ದನ್ನು ಉಳಿಸಿ, ಮನೆಯಿಂದಲೇ ಹೊತ್ತುಕೊಂಡು ಹೋಗಿದ್ದನ್ನು ತೆಗೆಯಿರಿ. ಇಲ್ಲಿ ಕೈ ಬಿಗಿ ಹಿಡಿದವರ ಬರಹವೇ ಓದಿಸಿಕೊಳ್ಳುತ್ತದೆ. ಹಕ್ಕಿಗೂಡು, ಅಪರೂಪದ ಗಿಡ ಇರುವ ಜಾಗದ ನಿಖರ ಗುರುತು ಮಾತ್ರ ಬೇಡ. ನೀವು ಹೋಗಿದ್ದು ಯಾವ ತಿಂಗಳು, ಹಿಂದಿನ ದಿನ ಮಳೆಯಾಗಿತ್ತೇ ಎಂಬುದು ಬರಹದ ತಲೆಯಲ್ಲೇ ಇರಲಿ. ಬೇಸಿಗೆಯಲ್ಲಿ ಹಾರಿ ದಾಟಿದ ಹಳ್ಳ ಮಳೆಗಾಲದಲ್ಲಿ ಸೊಂಟದವರೆಗೆ ಹರಿಯುತ್ತಿರಬಹುದು.